ಫುಲ್ ತಿಕೀಟಿನ ಕಾಕಾ

ಗಡಿ ತಂಟೆ ಎಂದೂ ಬಗೆಹರಿಯುವುದಿಲ್ಲ ಎಂದು ಹಲಬುವವರಿಗೆ ಒಂದು ಸಂತೋಷದ ಸುದ್ದಿ. 1967ರ ಮಹಾಜನ ಆಯೋಗದ ವರದಿಯನ್ನು ಕರ್ನಾಟಕ ಒಪ್ಪುತ್ತದೆ, ಮಹಾರಾಷ್ಟ್ರ ಒಪ್ಪುವುದಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಒಯ್ದ ದಾವೆಗೆ ತಾರೀಖಿನ ಮೇಲೆ ತಾರೀಖು ಬೀಳುತ್ತದೆ. ಇಂಥ ಎರಡು ರಾಜ್ಯಗಳು 2023ರಲ್ಲಿ, ಆಯೋಗವಿಲ್ಲದೆ, ಸಭೆಯಿಲ್ಲದೆ, ಮೂರೇ ತಿಂಗಳ ಒಳಗೆ ಒಂದು ವಿಷಯಕ್ಕೆ ರಾಜಿಯಾದವು. ಗಂಡಸು ಪೂರ್ತಿ ತಿಕೀಟು ತಗೋಬೇಕು.

ಮಾರ್ಚ್‌ನಲ್ಲಿ ಮಹಾರಾಷ್ಟ್ರ ತನ್ನ ಎಸ್‌ಟಿ ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ತಿಕೀಟು ಮಾಡಿತು. ಜೂನ್ 11ಕ್ಕೆ ಕರ್ನಾಟಕ ಆ ಅರ್ಧವನ್ನೂ ಕಿತ್ತು ಒಗೆಯಿತು. ಹೀಗಾಗಿ ಅಥಣಿ ಕಡೆಯ ಒಬ್ಬ ಕಾಕಾ ತನ್ನ ಮನೆಯಾಕೆಯನ್ನು ಕರಕೊಂಡು ಮಿರಜದ ದವಾಖಾನೆಗೆ ಹೊರಟ ಅನ್ನಿ. ಕಾಗವಾಡದ ತನಕ ಕಾಕುಗೆ ಸೊನ್ನೆ ತಿಕೀಟು. ಗಡಿ ದಾಟಿ ಮ್ಹೈಸಾಳದಲ್ಲಿ ಎಸ್‌ಟಿ ಹತ್ತಿದರೆ ಆಕೆಗೆ ಅರ್ಧ. ಬಸ್ಸಿನ ಬಣ್ಣ ಬದಲಾಗುತ್ತದೆ, ಬೋರ್ಡಿನ ಅಕ್ಷರ ಬದಲಾಗುತ್ತದೆ, ಕಂಡಕ್ಟರನ ಬೈಗುಳ ಸಹ ಬದಲಾಗುತ್ತದೆ, ಕಾಕಾನ ತಿಕೀಟು ಮಾತ್ರ ಎರಡೂ ಕಡೆ ಫುಲ್. ಮಹಾರಾಷ್ಟ್ರದಲ್ಲಿ 75 ತುಂಬಿದ ಮೇಲೆ ಗಂಡಸಿಗೂ ಪುಕ್ಕಟೆ ಇದೆ ಎಂದು ಯಾರೋ ಸಮಾಧಾನ ಹೇಳಿದರು. ಕಾಕಾಗೆ ಈಗ ಐವತ್ನಾಲ್ಕು. ಸಮಾನತೆಗೆ ಇನ್ನೂ ಇಪ್ಪತ್ತೊಂದು ವರ್ಷ ಜೀವ ಹಿಡಕೊಂಡಿರಬೇಕು, ಅದೂ ಗಡಿ ಆಚೆ ಹೋಗಿ.

ಕಾಕಾ ಅಂದರೆ ಒಬ್ಬ ಮನುಷ್ಯ ಅಂತ ತಿಳಿಯಬೇಡಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕಿನ ಯಾವ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಹೋದರೂ ಆತ ನಿಮಗಿಂತ ಮೊದಲು ಬಂದು ಕೂತಿರುತ್ತಾನೆ. ಮುಂದೆ ಕಟ್ ಚಹಾ, ಅಂಗೈಯಲ್ಲಿ ತಂಬಾಕು, ಹೆಬ್ಬೆರಳಿಗೆ ಸುಣ್ಣ. ಕಾರ್ಖಾನೆಯ ಹಂಗಾಮಿನಲ್ಲಿ ಯಾರದೋ ಟ್ರ್ಯಾಕ್ಟರಿನ ಮೇಲೆ ಕಬ್ಬು ಹೇರುತ್ತಾನೆ. ಹಂಗಾಮು ಮುಗಿದರೆ ಗೌಂಡಿ ಕೈಕೆಳಗೆ, ಅದೂ ಇಲ್ಲದಿದ್ದರೆ ಹಮಾಲಿ. ಎರಡು ಎಕರೆ ಹೊಲ ಇದೆ, ಉತಾರದಲ್ಲಿ ಇನ್ನೂ ಅಪ್ಪನ ಹೆಸರಿದೆ. "ಸಮಾಜ ಕೆಟ್ಟ ಹೋತು ತಮ್ಮಾ" ಎಂದು ಆತ ಬಾಯಿ ತೆಗೆದರೆ ಎದುರು ಕೂತವರು ಇನ್ನೊಂದು ಕಟ್ ಹೇಳಿಬಿಡುವುದು ಒಳ್ಳೆಯದು, ಬೇಗ ಮುಗಿಯುವ ವಿಷಯವಲ್ಲ.

ಸಮಾಜ ಎಲ್ಲಿ ಕೆಟ್ಟಿತು ಎಂದು ಕೇಳಿ ನೋಡಿ. ಬಸ್ಸಿನಲ್ಲಿ ಕೆಟ್ಟಿದೆ, ಬ್ಯಾಂಕಿನಲ್ಲಿ ಕೆಟ್ಟಿದೆ, ಸ್ಕೂಟಿ ಹೊಡೆಯುವ ಹುಡುಗಿಯರಿಂದ ಕೆಟ್ಟಿದೆ, ಕಾಕು ಹೇಳದೆ ಕೇಳದೆ ಚಿಂಚಲಿ ಮಾಯಕ್ಕನ ಗುಡಿಗೆ ಹೋಗಿ ಬಂದದ್ದರಿಂದ ವಿಶೇಷವಾಗಿ ಕೆಟ್ಟಿದೆ. ಆಶ್ಚರ್ಯ ಅಂದರೆ ಚಿಕ್ಕೋಡಿಯಲ್ಲಿ ಕೆಟ್ಟಿಲ್ಲ. 2024ರಲ್ಲಿ ಇಡೀ ಚಿಕ್ಕೋಡಿ ಕ್ಷೇತ್ರ ಪ್ರಿಯಾಂಕಾ ಜಾರಕಿಹೊಳಿ ಅವರನ್ನು ದಿಲ್ಲಿಗೆ ಕಳಿಸಿತು. ನಿಪ್ಪಾಣಿ 2013ರಿಂದ ಮೂರು ಸಲ ಶಶಿಕಲಾ ಜೊಲ್ಲೆ ಅವರನ್ನು ವಿಧಾನಸೌಧಕ್ಕೆ ಕಳಿಸಿದೆ. ಕಾಕಾ ಅವರ ಮೆರವಣಿಗೆಗಳಲ್ಲಿ ಕುಣಿದಿದ್ದಾನೆ, ಪಕ್ಷ ಯಾವುದೇ ಇರಲಿ ಗುಲಾಲು ಒಂದೇ ಎಂಬುದು ಆತನ ನಿಲುವು. ಹೆಣ್ಣು ದಿಲ್ಲಿಗೆ ಹೋದರೆ ಪ್ರಜಾಪ್ರಭುತ್ವ, ಚಿಂಚಲಿಗೆ ಹೋದರೆ ಕಲಿಗಾಲ.

ಮೀಸಲಾತಿ ಎಂಬ ಮಾತು ಕಿವಿಗೆ ಬಿದ್ದರೂ ಕಾಕಾಗೆ ಮೈ ಉರಿಯುತ್ತದೆ. "ಎಲ್ಲಾರೂ ಮೀಸಲಾತಿ ತಗೊಂಡ ಮುಂದ ಹ್ವಾದ್ರು, ನಾವ ಇಲ್ಲೇ ಉಳದ್ವಿ" ಎಂಬುದು ಕಾಯಂ ತಕರಾರು. ಈ ತಕರಾರು ಇಲ್ಲಿನ ಮಣ್ಣಿನಲ್ಲಿ ಬಹಳ ಹಳೆಯದು. 1902ರ ಜುಲೈ 26ರಂದು ಶಾಹೂ ಮಹಾರಾಜರು ಕೊಲ್ಹಾಪುರ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ನೂರಕ್ಕೆ ಐವತ್ತು ಜಾಗ ಇಟ್ಟಾಗ ರಾಯಬಾಗ ಅದೇ ಸಂಸ್ಥಾನದಲ್ಲಿತ್ತು. ಅಂದೂ ಯಾವುದೋ ಕಟ್ಟೆಯ ಮೇಲೆ ಕಾಕಾನ ಮುತ್ತಜ್ಜ ಕೂತು ಸಮಾಜ ಕೆಟ್ಟಿತು ಎಂದಿರಲಿಕ್ಕೆ ಸಾಕು. 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರರು ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತು ನಡೆಸಿದಾಗ ಅಜ್ಜನ ಪಾಳಿ. ಅದಕ್ಕೆ ನೂರು ತುಂಬಿತೆಂದು 2025ರಲ್ಲಿ ಬೆಂಗಳೂರಿನಿಂದ ನಿಪ್ಪಾಣಿಯ ತನಕ ಜಾಥಾ ಬಂತು, ಕಾಕಾ ಅದನ್ನೂ ನಿಂತು ನೋಡಿದ, ಕೊಟ್ಟ ನೀರಿನ ಬಾಟಲಿ ತಗೊಂಡ.

ಆದರೆ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಕರ್ನಾಟಕದ ಶಕ್ತಿ ಯೋಜನೆಯ ಆದೇಶದಲ್ಲಿ ಒಂದು ಸಾಲು ಇತ್ತು, ಯಾರೂ ಅದಕ್ಕೆ ಡೊಳ್ಳು ಬಾರಿಸಲಿಲ್ಲ. ಸಾಮಾನ್ಯ ಬಸ್ಸುಗಳಲ್ಲಿ ನೂರಕ್ಕೆ ಐವತ್ತು ಸೀಟು ಗಂಡಸರಿಗೆ ಮೀಸಲು. ಶಾಹೂ ಮಹಾರಾಜರ ಲೆಕ್ಕವೇ, ಐವತ್ತಕ್ಕೆ ಐವತ್ತು. ನೂರಾ ಇಪ್ಪತ್ತೊಂದು ವರ್ಷ ಮೀಸಲಾತಿಯನ್ನು ಬೈದು ಬೈದು ಕೊನೆಗೆ ಗಂಡಸು ತಾನೇ ಅದರ ಫಲಾನುಭವಿಯಾದ. ಆ ಸುದ್ದಿ ತಿಳಿದ ದಿನ ರಾಯಬಾಗ ಬಸ್ಸಿನಲ್ಲಿ ಕಾಕಾನ ಗಂಟಲು ಕೇಳಬೇಕಿತ್ತು. "ಏ ಬಾಯಾರ, ಏಳ್ರಿ, ಇದು ನಮ್ಮ ಮೀಸಲಾತಿ ಐತಿ!" ಮೊಣಕಾಲು ನೋವಿನ ಮುದುಕಿ ಏಳಲಿಲ್ಲ. "ಕುಂಡ್ರೂ ಹಕ್ಕು ನಿನಗ ಕಾಗದದಾಗ ಐತೋ ಯಪ್ಪಾ, ನನಗ ಮೊಣಕಾಲಾಗ ಐತಿ" ಅಂದಳು. ಸಾಮಾಜಿಕ ನ್ಯಾಯಕ್ಕಾಗಿ ಹೋರಾಡುವವರ ಕಷ್ಟ ಏನೆಂದು ಕಾಕಾಗೆ ಅವತ್ತು, ಹಾರೂಗೇರಿಯ ತನಕ ನಿಂತುಕೊಂಡು ಹೋಗುವಾಗ, ಸ್ವಲ್ಪ ತಿಳಿದಿರಬೇಕು. ಇಳಿಯುವಷ್ಟರಲ್ಲಿ ಮರೆತ.

ಇದಕ್ಕಿಂತ ದೊಡ್ಡ ಪೆಟ್ಟು ರೇಷನ್ ಕಾರ್ಡಿನಿಂದ ಬಿತ್ತು. 2013ರ ಆಹಾರ ಭದ್ರತಾ ಕಾಯ್ದೆಯ 13ನೇ ಕಲಂ ಬಹಳ ಸಣ್ಣದು. ಮನೆಯಲ್ಲಿ ಹದಿನೆಂಟು ತುಂಬಿದ ಹಿರಿಯ ಹೆಣ್ಣುಮಗಳೇ ಪಡಿತರ ಚೀಟಿಯ ಮಟ್ಟಿಗೆ ಕುಟುಂಬದ ಮುಖ್ಯಸ್ಥೆ ಎಂದು ಹೇಳಿ ಸುಮ್ಮನಾಗುತ್ತದೆ. ಅಂದರೆ ಕಾಕಾ ಮನೆಯ ಯಜಮಾನಿಕೆಯಿಂದ ಕೆಳಗಿಳಿದು ಆಗಲೇ ಹತ್ತು ವರ್ಷ ದಾಟಿತ್ತು. ಆತನಿಗೆ ಗೊತ್ತಿರಲಿಲ್ಲ. ಕಾಕುಗೂ ಗೊತ್ತಿರಲಿಲ್ಲ. ಜಗತ್ತಿನ ಇತಿಹಾಸದಲ್ಲಿ ಇಷ್ಟು ಸದ್ದಿಲ್ಲದೆ ರಾಜನನ್ನು ಇಳಿಸಿದ ಉದಾಹರಣೆ ಇಲ್ಲ, ಇಳಿದವನು ಹತ್ತು ವರ್ಷ ಅದೇ ಗತ್ತಿನಲ್ಲಿ ಆಳುತ್ತಲೇ ಇದ್ದ. 2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಗೃಹಲಕ್ಷ್ಮಿಗೆ ಚಾಲನೆ ಕೊಟ್ಟಾಗ, ಯಜಮಾನಿಯ ಖಾತೆಗೆ ತಿಂಗಳಿಗೆ 2,000 ಎಂದು ಸಾರಿದಾಗ, ಕಾರ್ಡು ಹುಡುಕಿ ತೆಗೆದು ನೋಡಿದರೆ ಫೋಟೋದಲ್ಲಿ ಕಾಕು ಮುಂದೆ, ಕಾಕಾ ಹಿಂದೆ. ಇಲಾಖೆಯ ಮಂತ್ರಿ ಲಕ್ಷ್ಮೀ ಹೆಬ್ಬಾಳಕರ ಬೇರೆ ನಮ್ಮ ಬೆಳಗಾವಿ ಜಿಲ್ಲೆಯವರೇ. "ಹೊರಗಿನವರು ಮಾಡಿದ್ರ ಬ್ಯಾರೆ ಮಾತು, ನಮ್ಮವ್ರ ಹಿಂಗ ಮಾಡಿದ್ರ?" ಎಂದು ಕಾಕಾ ಕೆಲವು ದಿನ ಕೊರಗಿದ.

ಎರಡು ಸಾವಿರ ರೂಪಾಯಿಗೆ ಇಷ್ಟು ಕೊರಗೇ ಎಂದು ನೀವು ಕೇಳಬಹುದು. ಕಬ್ಬಿನ ಟೋಳಿಯ ಲೆಕ್ಕ ಬಲ್ಲವರು ಕೇಳುವುದಿಲ್ಲ.

ಟ್ರ್ಯಾಕ್ಟರ್ ಹತ್ತುವ ಮೊದಲು ಕಾಕಾ ಕಬ್ಬು ಕಡಿಯುವ ಟೋಳಿಯಲ್ಲಿದ್ದ. ಟೋಳಿಯಲ್ಲಿ ಗಂಡ ಹೆಂಡತಿ ಇಬ್ಬರೂ ಕೂಡಿ ಒಂದು ಕೊಯಿತಾ, ಅಂದರೆ ಒಂದೇ ಕುಡುಗೋಲಿನ ಲೆಕ್ಕ. ಟೋಳಿ ಕಟ್ಟುವ ಮುಕಾದಮ ಹಂಗಾಮಿಗೆ ಮುಂಚೆ ಉಚಲ್, ಅಂದರೆ ಮುಂಗಡ, ಕೊಡುವುದು ಜೋಡಿಗೆ, ಎಣಿಸಿ ಇಡುವುದು ಗಂಡಸಿನ ಅಂಗೈಗೆ. ಬುಡಕ್ಕೆ ಬಾಗಿ ಕಡಿಯುವವನು ಆತ. ಸೋಗೆ ಸವರಿ, ಹೊರೆ ಕಟ್ಟಿ, ತಲೆ ಮೇಲೆ ಸಿಂಬಿ ಇಟ್ಟು, ಅಲುಗಾಡುವ ಹಲಗೆ ಹತ್ತಿ ಟ್ರೇಲರಿಗೆ ಒಗೆಯುವವಳು ಆಕೆ. ಕೋಳಿ ಕೂಗುವ ಮುಂಚೆ ಎದ್ದು ಬಡಿದ ರೊಟ್ಟಿಗೆ, ಗುಡಿಸಲ ಬಾಗಿಲಲ್ಲಿ ಸೀರೆಯ ಜೋಳಿಗೆಗೆ ಹಾಕಿ ಬಂದ ಕೂಸಿಗೆ, ಹೊಟ್ಟೆಯಲ್ಲಿದ್ದ ಇನ್ನೊಂದಕ್ಕೆ ಯಾವ ದರವೂ ಇಲ್ಲ. ಒಬ್ಬರು ಮಲಗಿದರೆ ಅರ್ಧ ಕೊಯಿತಾ, ದಂಡ ಜೋಡಿಯ ಮೇಲೆ. ಹಂಗಾಮು ಮುಗಿದ ಮೇಲೆ ಮುಕಾದಮ ಲೆಕ್ಕ ಹೇಳುತ್ತಾನೆ, ಗಂಡಸು ತಲೆ ಕೆರೆಯುತ್ತಾನೆ, ಹೆಂಗಸು ಪಾತ್ರೆ ಗಂಟು ಕಟ್ಟುತ್ತಾಳೆ. ಕಾಕಾ ಕಾಕು ಹೀಗೆ ಒಂದೇ ಕೊಯಿತಾ ಆಗಿ ಎಷ್ಟೋ ಹಂಗಾಮು ದುಡಿದರು. ಆಕೆಯ ಕೂಲಿ ಎಷ್ಟು ಎಂದು ಆಕೆಗೆ ಯಾರೂ ಹೇಳಲಿಲ್ಲ, ಆಕೆ ಕೇಳಿದ್ದರೂ ಹೇಳಲಿಕ್ಕೆ ಬರುತ್ತಿರಲಿಲ್ಲ, ಬೇರೆ ಮಾಡಿ ಬರೆದಿದ್ದರೆ ತಾನೇ?

ಅಥಣಿಯ ಚಪ್ಪಲಿ ಮನೆಗಳಲ್ಲೂ ಇದೇ ಲೆಕ್ಕ ಬೇರೆ ವೇಷದಲ್ಲಿದೆ. ತೊಗಲು ಕೊಯ್ಯುವುದು, ತಳ ಬಡಿಯುವುದು ಗಂಡಸು. ಬಾರು ಹೆಣೆಯುವುದು, ಹೊಲಿಗೆ ಹಾಕುವುದು ಹೆಂಗಸು. ದರ ಜೋಡಿ ಚಪ್ಪಲಿಗೆ, ವ್ಯಾಪಾರಿಯ ಜೊತೆ ಮಾತು ಗಂಡಸಿನದು. ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಕರ್ನಾಟಕದ ನಾಲ್ಕು ಜಿಲ್ಲೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೆ ಕೂಡಿ, ಹೆಸರು ಮಾತ್ರ ಕೊಲ್ಹಾಪುರಿ. 2025ರ ಜೂನ್‌ನಲ್ಲಿ ಮಿಲಾನಿನ ವೇದಿಕೆಯ ಮೇಲೆ ಪ್ರಾದಾ ಕಂಪನಿಯ ಗಂಡಸರು ಥೇಟ್ ಅದೇ ಚಪ್ಪಲಿ ಮೆಟ್ಟಿ ನಡೆದಾಗ ದೇಶವೆಲ್ಲ ಕೂಗಾಡಿತು. ವರ್ಷ ಮುಗಿಯುವುದರೊಳಗೆ ಕಂಪನಿ ನಮ್ಮ ಚರ್ಮೋದ್ಯೋಗ ನಿಗಮ ಲಿಡ್ಕರ್ ಜೊತೆಗೂ ಗಡಿ ಆಚೆಯ ನಿಗಮ ಲಿಡ್ಕಾಂ ಜೊತೆಗೂ ಒಪ್ಪಂದ ಮಾಡಿಕೊಂಡಿತು, ಜೋಡಿಗೆ ಸುಮಾರು 800 ಯೂರೋ ಎಂದು ಸುದ್ದಿ ಬಂತು. ಕಾಕಾನ ಚಪ್ಪಲಿ ಹೊಲಿಯುವ ದೋಸ್ತ ಈ ಸುದ್ದಿಯನ್ನು ಬಹಳ ಶಾಂತವಾಗಿ ಸ್ವೀಕರಿಸಿದ. ಇಟಲಿಯವರು ಒಯ್ದರು ಎಂದು ಆತನಿಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು, ಸ್ವಸಹಾಯ ಸಂಘದಲ್ಲಿ ಹೆಂಡತಿ "ಹೆಣಿಗೀದು ಬ್ಯಾರೆ ದರ ಮಾಡ್ರಿ" ಎಂದು ಎದ್ದು ನಿಂತು ಕೇಳಿದಾಗ.

ತಿಳಿಯಿತಲ್ಲ? ತಲೆತಲಾಂತರದಿಂದ ನಮ್ಮ ಗಂಡಸು ಹೊರಗೆ ಕೂಲಿ, ಮನೆಯೊಳಗೆ ಮುಕಾದಮ. ಹೊರಗಿನ ಮುಕಾದಮ ಈತನಿಗೆ ಎಣಿಸಿ ಕೊಡಬೇಕು, ಈತ ಒಳಗೆ ಎಣಿಸಿ ಕೊಡಬೇಕು. ಆ 2,000 ರೂಪಾಯಿ ಯಾವ ಮುಕಾದಮನ ಕೈಯನ್ನೂ ಸೋಕದೆ ನೇರ ಕೊಯಿತಾದ ಉಳಿದರ್ಧಕ್ಕೆ ಹೋಗಿ ಬಿತ್ತು. ಬ್ಯಾಂಕಿನಿಂದ ಮೆಸೇಜು ಬಂದರೆ ಟಿಂಗ್ ಅನ್ನುವುದು ಆಕೆಯ ಮೊಬೈಲು. ರೊಕ್ಕ ಎಷ್ಟು ಎಂಬುದಲ್ಲ ವಿಷಯ, ಯಾರನ್ನು ಕೇಳಿ ಬಂತು ಎಂಬುದು. ಕಂತು ತಡವಾದ ತಿಂಗಳು ಕಾಕಾನ ಮುಖದಲ್ಲಿ ಕಳೆ ನೋಡಬೇಕು. "ಬಂತೇನು? ಬರೂದಿಲ್ಲ ಬಿಡು, ಎಲ್ಲಾ ಬೋಗಸ್!" ಮನೆಗೆ ರೊಕ್ಕ ಬರಲಿಲ್ಲ ಎಂದು ಮನೆಯ ಗಂಡಸು ಖುಷಿಪಡುವ ಇಂಥ ದೃಶ್ಯವನ್ನು ಅರ್ಥಶಾಸ್ತ್ರಜ್ಞರು ಬಂದು ಅಭ್ಯಾಸ ಮಾಡಬೇಕು.

2024ರಲ್ಲಿ ರಾಯಬಾಗ ತಾಲೂಕಿನ ಸುಟ್ಟಟ್ಟಿಯ ಅಜ್ಜಿಯೊಬ್ಬಳು ಗೃಹಲಕ್ಷ್ಮಿ ರೊಕ್ಕ ಕೂಡಿಸಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದಳು. ಮುಖ್ಯಮಂತ್ರಿಗಳು ಹೊಗಳಿದರು, ಟಿವಿಯವರು ಓಡಿ ಬಂದರು. ಕಾಕಾ ಟಿವಿ ನೋಡುತ್ತ ಒಂದೇ ಪ್ರಶ್ನೆ ಕೇಳಿದ. "ಮನ್ಯಾಗ ಗಂಡಸರ ಇಲ್ಲೇನು ಆಕೀಗೆ, ಬ್ಯಾಡ ಅನ್ನಾಕ?"

ಈಗ ಆತನ ಮೇಲೆ ಅನ್ಯಾಯ ಮಾಡಬಾರದು. ಬದಲಾವಣೆ ಅಂದರೇ ಆತ ಬೆಚ್ಚುತ್ತಾನೆ ಎಂಬುದು ಸುಳ್ಳು. ಊರಿಗೆ ಮೊದಲ ಕಬ್ಬು ಕಟಾವು ಯಂತ್ರ ಬಂದಾಗ ಆತ ಮುಂದೆ ನಿಂತು ಪೂಜೆ ಮಾಡಿಸಿದ. ಕೋಟಿ ರೂಪಾಯಿ ದಾಟುವ ಯಂತ್ರ, ಸರ್ಕಾರದ ಸಬ್ಸಿಡಿ ಬೇರೆ. ಅದರ ಮೂತಿಗೆ ಅರಿಶಿನ ಕುಂಕುಮ, ಗಾಲಿಯ ಕೆಳಗೆ ನಿಂಬೆಹಣ್ಣು, ತೆಂಗಿನಕಾಯಿ ಒಡೆದವನು ಕಾಕಾ. ಟೋಳಿ ಎಂಟು ದಿನ ಕಡಿಯುವುದನ್ನು ಅದು ಸಂಜೆಯೊಳಗೆ ಅಗಿದು ಉಗುಳಿತು. ಮರುವರ್ಷ ಟೋಳಿ ಇರಲಿಲ್ಲ. ಕಾಕಾ ಟ್ರ್ಯಾಕ್ಟರ್ ಹತ್ತಿದ, ಕಾಕು ಮನೆಗೆ ಬಂದಳು, ಓಣಿಯ ಅರ್ಧ ಹುಡುಗರು ಗಡಿ ಆಚೆಯ ಕಾಗಲ್‌ ಎಂಐಡಿಸಿ ಕಾರ್ಖಾನೆಗಳ ಗೇಟಿಗೆ ಹೋಗಿ ಗುತ್ತಿಗೆದಾರನ ಮುಂದೆ ನಿಂತರು. ಇದರಿಂದ ಸಮಾಜ ಕೆಟ್ಟಿತೇ? "ಛೇ, ಅದು ಟೆಕ್ನಾಲಜಿ."

ಮೈಕ್ರೋ ಫೈನಾನ್ಸ್ ಬಂದಾಗಲೂ ಆತ ವಿಚಲಿತನಾಗಲಿಲ್ಲ. ಸಂಘದ ಸಾಲ ಸಿಗುವುದು ಹೆಂಗಸರ ಹೆಸರಿಗೆ. ಕಾಕುವಿನ ಆಧಾರ್, ಕಾಕುವಿನ ಹೆಬ್ಬಟ್ಟು, ಕಾಕುವಿನ ಗ್ಯಾರಂಟಿಗೆ ಓಣಿಯ ಇನ್ನೂ ನಾಲ್ಕು ಹೆಂಗಸರು, ರೊಕ್ಕ ಕಾಕಾನ ಮೋಟರ್ ಸೈಕಲ್ಲಿಗೆ. ವಾರದ ಕಂತಿಗೆ ಬಾಗಿಲಿಗೆ ಬಂದು ಕೂತು ವಸೂಲಿ ಹುಡುಗರು ಬಾಯಿಗೆ ಬಂದಂತೆ ಅಂದದ್ದು ಕಾಕುವನ್ನು. ಆ ಹೊತ್ತಿಗೆ ಕಾಕಾಗೆ ಯಾವಾಗಲೂ ಹೊಲದ ಕಡೆ ಕೆಲಸ. 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರುವಷ್ಟು ಈ ಕಿರುಕುಳ ರಾಜ್ಯದಲ್ಲಿ ಹೆಚ್ಚಿತ್ತು. ಸಾಲಕ್ಕೆ ಹೆಣ್ಣಿನ ಹೆಸರು ಬಿದ್ದಾಗ ಸಂಸ್ಕೃತಿಗೆ ಏನೂ ಆಗಲಿಲ್ಲ. ಜಮೆಗೆ ಬಿದ್ದಾಗ ಅಲ್ಲೋಲಕಲ್ಲೋಲ.

ಹೋರಾಟ ಗೊತ್ತಿಲ್ಲದ ಜನವೂ ಅಲ್ಲ ನಮ್ಮವರು. 1981ರಲ್ಲಿ ಶರದ್ ಜೋಶಿಯವರ ಹಿಂದೆ ತಂಬಾಕು ರೈತರು ನಿಪ್ಪಾಣಿಯ ಹೆದ್ದಾರಿಯ ಮೇಲೆ ದಿನಗಟ್ಟಲೆ ಕೂತರು, ಗೋಲಿಬಾರ್ ಆಯಿತು, ಹೆಣ ಬಿದ್ದವು. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿಗೆ ಟನ್ನಿಗೆ 3,500 ಕೇಳಿ ಕೂತವರು 3,300ಕ್ಕೆ ಎದ್ದರು. ಕಾಕಾ ಅಲ್ಲಿಗೂ ಹೋಗಿದ್ದ, ಹಸಿರು ಶಾಲು ಹಾಕಿಕೊಂಡು, ತಾನು ಹೊಡೆಯುವ ಟ್ರ್ಯಾಕ್ಟರಿನ ಮಾಲೀಕನ ಪಕ್ಕದಲ್ಲೇ ಕೂತು, ಮಾಲೀಕನ ಕಬ್ಬಿನ ದರಕ್ಕಾಗಿ ಗಂಟಲು ಹರಕೊಂಡ. ತನ್ನ ಟ್ರಿಪ್ಪಿನ ಕೂಲಿ ಏರಿ ಎಷ್ಟು ವರ್ಷವಾಯಿತು ಎಂದು ಮಾಲೀಕನನ್ನು ಕೇಳಲಿಕ್ಕೆ ಅಷ್ಟು ಹತ್ತಿರ ಕೂತರೂ ಬಾಯಿ ಬರಲಿಲ್ಲ. ಮಾಲೀಕರನ್ನು ಕೇಳುವುದು ಹೋರಾಟವಲ್ಲ, ಹಟಮಾರಿತನ.

ಆ ಹಟಮಾರಿತನವನ್ನು ನಿಪ್ಪಾಣಿಯ ಹೆಂಗಸರು ನಾಲ್ಕು ದಶಕದ ಹಿಂದೆಯೇ ಮಾಡಿದ್ದರು. ತಂಬಾಕಿನ ವಖಾರಿಗಳಲ್ಲಿ ದೂಳು ನುಂಗಿ ಕೆಮ್ಮಿ ಕೆಮ್ಮಿ ದುಡಿಯುತ್ತಿದ್ದ ನಾಲ್ಕು ಸಾವಿರದಷ್ಟು ಹೆಣ್ಣುಮಕ್ಕಳು ಸಂಘ ಕಟ್ಟಿದರು, ಮಾಲೀಕರ ಎದುರು ನಿಂತರು. ದೀಪಾ ಧನರಾಜ್ ಮತ್ತವರ ಯುಗಾಂತರ ಬಳಗ 1982ರಲ್ಲಿ ಅವರನ್ನೇ ಮುಂದಿಟ್ಟುಕೊಂಡು ಒಂದು ಸಿನಿಮಾ ಮಾಡಿತು, ಈಗಲೂ ದೂರದ ದೇಶಗಳಲ್ಲಿ ಅದನ್ನು ಹಾಕಿ ತೋರಿಸುತ್ತಾರೆ. ನಿಪ್ಪಾಣಿಯ ಚಹಾದಂಗಡಿಯಲ್ಲಿ ಅದರ ಹೆಸರು ಕೇಳಿ ನೋಡಿ, ಯಾರ ಸಿನಿಮಾ, ಹೀರೋ ಯಾರು ಎನ್ನುತ್ತಾರೆ.

ಪಕ್ಷಗಳಿಗೆ ಕಾಕಾನ ಮೇಲೆ ಬಹಳ ಮರುಕ. ಇಲ್ಲಿ ಬಿಟ್ಟಿ ಭಾಗ್ಯ ಎಂದು ಹೀಗಳೆದವರು ಗಡಿ ಆಚೆ 2024ರಲ್ಲಿ ಲಾಡಕಿ ಬಹೀಣ ಎಂದು ಅಕ್ಕರೆಯಿಂದ ಕರೆದು ತಿಂಗಳಿಗೆ 1,500 ಕೊಟ್ಟು ಚುನಾವಣೆ ಗೆದ್ದರು. ಇಲ್ಲಿ ಕೊಟ್ಟವರು ಅಲ್ಲಿ ಅದನ್ನು ಮೊದಲು ಟೀಕಿಸಿ, ಚುನಾವಣೆ ಹತ್ತಿರ ಬಂದಾಗ ನಾವು 3,000 ಕೊಡುತ್ತೇವೆ ಎಂದರು. ಕಾಕಾ ಎರಡೂ ಭಾಷೆಯ ಚಾನೆಲ್ ನೋಡುವುದರಿಂದ ಆತನಿಗೆ ಯಾರನ್ನು ಬೈಯಬೇಕು ಎಂಬುದೇ ಗೊಂದಲ. ಅದಕ್ಕೇ ಕಾಕುವನ್ನು ಬೈಯುತ್ತಾನೆ, ಆಕೆ ಎರಡೂ ಚಾನೆಲ್ಲಿನಲ್ಲಿ ಬರುವುದಿಲ್ಲ. ಅಂದ ಹಾಗೆ, ಚಿಕ್ಕೋಡಿ ಜಿಲ್ಲೆ ಆಗುತ್ತದೆ ಎಂದು 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಹೇಳಿ ಹಿಂದೆಗೆದ ದಿನದಿಂದ ಕಾಕಾ ಕಾಯುತ್ತಿದ್ದಾನೆ. ಆತ ಬಾಯಿಬಿಟ್ಟು ಕೇಳಿದ ಬದಲಾವಣೆ ಅದೊಂದೇ, ಬರದೇ ಉಳಿದದ್ದೂ ಅದೊಂದೇ.

ಇನ್ನು ತಂಗಿಯ ವಿಷಯ. 1994ರಿಂದಲೇ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲಿದೆ, ದೇಶಕ್ಕೆ ಅದು ಬಂದದ್ದು 2005ರಲ್ಲಿ. ನಮ್ಮ ಕಡೆ ಈ ಕಾಯ್ದೆಯನ್ನು ಗೌರವಿಸುವ ಪದ್ಧತಿಯೇ ಬೇರೆ. ತಂಗಿಯನ್ನು ಪಂಚಮಿಗೆ ಕರೆಯಿರಿ, ಇಳಕಲ್ ಸೀರೆ ಕುಬಸ ಕೊಡಿ, ಕಡಬು ಉಣ್ಣಿಸಿ, ಮರುದಿನ ಸಬ್ ರಜಿಸ್ಟ್ರಾರ್ ಆಫೀಸಿಗೆ ಕರಕೊಂಡು ಹೋಗಿ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿ, ಬಸ್ಸಿಗೆ ರೊಕ್ಕ ಕೊಟ್ಟು ಕಳಿಸಿ. ತಂಗಿ ಕಣ್ಣಲ್ಲಿ ನೀರು ತಂದುಕೊಂಡು ಅಣ್ಣನ ಮನೆ ತಣ್ಣಗಿರಲಿ ಎಂದು ಹರಸಿ ಹೋಗುತ್ತಿದ್ದಳು. ಕಾಕಾನ ತಂಗಿಯೂ ಪಂಚಮಿಗೆ ಬಂದಳು. ಸೀರೆ ಉಟ್ಟಳು, ಕಡಬು ಉಂಡಳು, ಚಿಕ್ಕೋಡಿಯ ಆಫೀಸಿಗೂ ಬಂದಳು. ಬಾಂಡ್ ಬರೆಯುವವನು ಓದಿ ಹೇಳಿದ್ದನ್ನು ಪೂರ್ತಿ ಕೇಳಿ, "ರೋಡ್ ಆಗಿ ಎಕರೇಕ್ಕ ರೇಟ್ ಎಷ್ಟ ಆಗೇತ್ರಿ ಈಗ?" ಎಂದಳು. ಆತ ಹೇಳಿದ. ಸೆರಗು ಸರಿ ಮಾಡಿಕೊಂಡು ಎದ್ದಳು. ಬಸ್ಸಿಗೆ ಅಣ್ಣನ ರೊಕ್ಕದ ಗರಜು ಹೇಗೂ ಇರಲಿಲ್ಲ.

ಇಷ್ಟೆಲ್ಲ ಸಹಿಸಬಹುದು, ಮಗನ ಮದುವೆಯ ಮಾತು ಬಂದರೆ ಕಾಕಾನ ದನಿ ನಿಜಕ್ಕೂ ಬೀಳುತ್ತದೆ. ಹುಡುಗನಿಗೆ ಮೂವತ್ತೆರಡು. ಎಂಐಡಿಸಿಯಲ್ಲಿ ಗುತ್ತಿಗೆ ಕೆಲಸ, ಚಟ ಇಲ್ಲ. ಏಜೆಂಟರಿಗೆ ಕೊಟ್ಟ ರೊಕ್ಕ ಹೋಯಿತು. ಹೆಣ್ಣಿನ ಕಡೆಯವರು ಸರ್ಕಾರಿ ನೌಕರಿ ಕೇಳುತ್ತಾರೆ, ಪುಣೆಯಲ್ಲಿ ಫ್ಲ್ಯಾಟ್ ಕೇಳುತ್ತಾರೆ, ಅತ್ತೆ ಎಷ್ಟು ಕಟ್ಟುನಿಟ್ಟು ಎಂದು ಓಣಿಯಲ್ಲಿ ವಿಚಾರಿಸುತ್ತಾರೆ. "ಹೆಣ್ಣ ಇಲ್ಲೋ ತಮ್ಮಾ. ಎಲ್ಲಿ ಹ್ವಾದ್ವು ಅಂತೀನಿ ಇಷ್ಟೂ ಹೆಣ್ಣ?"

ಎಲ್ಲಿ ಹೋದವು ಎಂಬುದಕ್ಕೆ ಒಂದು ವಿಳಾಸ ಇದೆ. ಕಾಗವಾಡ ದಾಟಿದರೆ ಸಿಗುವ ಅದೇ ಮ್ಹೈಸಾಳ. 2017ರ ಮಾರ್ಚ್‌ನಲ್ಲಿ ಅಲ್ಲಿನ ಹಳ್ಳದ ದಂಡೆಯಲ್ಲಿ ಪೊಲೀಸರು ಅಗೆದಾಗ ಹತ್ತೊಂಬತ್ತು ಭ್ರೂಣಗಳು ಸಿಕ್ಕವು, ಪ್ಲಾಸ್ಟಿಕ್ ಚೀಲದಲ್ಲಿ. ಒಬ್ಬ ಹೋಮಿಯೋಪಥಿ ವೈದ್ಯನ ದವಾಖಾನೆ. ತನಿಖೆಯ ಎಳೆ ಗಡಿ ದಾಟಿ ಕಾಗವಾಡಕ್ಕೂ ಬಂತು. ಗಡಿಯ ಎರಡೂ ಕಡೆಯವರು ಜಗಳವಿಲ್ಲದೆ, ಭಾಷೆಯ ಅಡ್ಡಿಯಿಲ್ಲದೆ, ಕೂಡಿ ಮಾಡಿದ ಇನ್ನೊಂದು ಕೆಲಸ ಅದು. ಆ ಹೆಂಗಸರನ್ನು ಬಸ್ಸು ಹತ್ತಿಸಿ ಕರಕೊಂಡು ಹೋದವರು ಯಾರು? ಆಗ ಫ್ರೀ ಬಸ್ ಇರಲಿಲ್ಲ. ಮನೆಯ ಗಂಡಸು ಜೇಬಿನಿಂದ ಎರಡು ಫುಲ್ ತಿಕೀಟು ತೆಗೆಸಿದ್ದ, ಒಂದು ಮಾತೂ ಗೊಣಗದೆ.

ಈ ವಿಳಾಸ ಹೇಳಿದಾಗ ಕಾಕಾ ತಂಬಾಕು ಉಗುಳಲು ಎದ್ದು ಹೋದ. ಬಂದು ಕೂತ ಮೇಲೆ ಬೇರೆ ಮಾತು ತೆಗೆದ.

ಕಡೆಗೆ ಸಂಬಂಧ ಒಂದು ಕಾಣಿಸಿತು, ಬಹಳ ದೂರದ್ದಲ್ಲ. ಸಹಿ ಹಾಕದೆ ಎದ್ದು ಹೋದ ಅದೇ ತಂಗಿಯ ಮಗಳು, ಮಿರಜದ ದವಾಖಾನೆಯಲ್ಲಿ ನರ್ಸ್. ಸೋದರ ಸಂಬಂಧ, ಕೇಳುವ ಹಕ್ಕಿದೆ ಎಂದು ಕಾಕಾ ಹೇಳಿ ಕಳಿಸಿದ. ಹುಡುಗಿ ಫೋನಿನಲ್ಲೇ ಲೆಕ್ಕ ಹಾಕಿದಳು. ಅಲ್ಲಿ ತಾನು ದುಡಿದದ್ದು ತನ್ನ ಖಾತೆಗೆ. ಇಲ್ಲಿಗೆ ಬಂದರೆ ನೌಕರಿ ಬಿಡಬೇಕು. ಬಸ್ಸು ಅರ್ಧದ ಬದಲು ಪುಕ್ಕಟೆ ಆಗುತ್ತದೆ, ಅದೇನೋ ಲಾಭವೇ. ಆದರೆ ಮನೆಯಲ್ಲಿ ಕಾರ್ಡು ಒಂದೇ, ಯಜಮಾನಿ ಅತ್ತೆ, ಸೊಸೆಗೆ ಗೃಹಲಕ್ಷ್ಮಿ ಬರುವುದಿಲ್ಲ. "ಮಾಮಾ, ಬ್ಯಾರೆ ರೇಷನ್ ಕಾರ್ಡ್ ಮಾಡಸ್ತೀರೇನು? ಅವ್ವನ ಪಾಲು ಅವ್ವನ ಹೆಸರಿಗೆ ಬರಕೊಡ್ತೀರೇನು? ಅವೆರಡೂ ಆಗಲಿ, ಆಮ್ಯಾಲ ನಾ ವಿಚಾರ ಮಾಡ್ತೀನಿ."

ವಿಚಾರ ಮಾಡುತ್ತಾಳಂತೆ! ಒಪ್ಪುತ್ತೇನೆ ಎಂದೂ ಹೇಳಲಿಲ್ಲ.

ಮಂಗಳವಾರ ಕಾಕಾ ಅಂಗಿ ಇಸ್ತ್ರಿ ಮಾಡಿಸಿಕೊಂಡು ಕಂಪ್ಯೂಟರ್ ಸೆಂಟರಿಗೆ ಹೋದ. ಮನೆಯಲ್ಲಿ ಒಬ್ಬ ಯಜಮಾನಿ ಹೆಚ್ಚಾದಳೆಂದು ಎರಡು ವರ್ಷ ಊರೆಲ್ಲ ಡಂಗುರ ಸಾರಿದವನು ಎರಡನೆಯವಳಿಗಾಗಿ ಅರ್ಜಿ ಹಾಕಲು ಪಾಳಿಯಲ್ಲಿ ನಿಂತ. ಕಂಪ್ಯೂಟರಿನ ಹುಡುಗ ಕಾರ್ಡಿನ ನಂಬರು ಒತ್ತಿ ತಲೆ ಎತ್ತಿದ.

"ಯಜಮಾನರು ಬರಬೇಕ್ರಿ ಕಾಕಾ. ಹೆಬ್ಬಟ್ಟ ಬೇಕು."

"ಬಂದೇನಲ್ಲೋ, ನಾನ ಯಜಮಾನ."

"ನೀವು ಸದಸ್ಯರ ಅದೀರಿ. ಇಲ್ಲಿ ನೋಡ್ರಿ, ಎರಡನೇ ನಂಬರ."

ಕಾಕಾ ಕಾಕುಗೆ ಫೋನ್ ಹಚ್ಚಿದ. ಆಕೆ ಚಿಂಚಲಿ ದಾರಿಯಲ್ಲಿದ್ದಳು, ಬಸ್ಸಿನ ಗದ್ದಲದಲ್ಲಿ ಒಂದಕ್ಕೆರಡು ಸಲ ಹೇಳಬೇಕಾಯಿತು. ಪೂರ್ತಿ ಕೇಳಿಸಿಕೊಂಡು, "ಕಾರ್ಡ್ ಆಮ್ಯಾಲ ನೋಡೂಣು. ಮೊದಲ ನಿಮ್ಮ ತಂಗೀದು ಮುಗಿಸ್ರಿ" ಎಂದು ಇಟ್ಟುಬಿಟ್ಟಳು. ಹಿಂದೆ ಪಾಳಿಯಲ್ಲಿದ್ದವರು ಗೊಣಗಲು ಶುರು ಮಾಡಿದ್ದರು. ಕಾಕಾ ಕೌಂಟರಿನ ಮೇಲೆ ಬಾಗಿ, ಯಾರಿಗೂ ಕೇಳಿಸದ ಹಾಗೆ ಕೇಳಿದ.

"ತಮ್ಮಾ, ಆ ಹಕ್ಕು ಬಿಟ್ಟ ಪತ್ರ ಇರತೈತಲ್ಲ, ಅದನ್ನ ಗಂಡಸರೂ ಬರಕೊಡಾಕ ಬರತೈತೇನು?"

"ಅದು ಇಲ್ಲಲ್ರೀ, ಸಬ್ ರಜಿಸ್ಟ್ರಾರ್ ಆಫೀಸ್. ಹಿಂದಿನ ಓಣಿ" ಎಂದ ಹುಡುಗ, ಮುಂದಿನ ಹೆಣ್ಣುಮಗಳ ಆಧಾರ್ ಕಾರ್ಡಿಗೆ ಕೈ ಚಾಚಿದ.